ಕರೆಂಟು ಎಲ್ಲಿಂದ ಬರುತ್ತದೆ ಎಂಬ ಪಾಠ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಗೋಷ್ಠಿಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರು ಮಾಡಿದ ಭಾಷಣ)



ನನಗೆ ಕೊಟ್ಟಿರುವ ವಿಷಯ ವಿಜ್ಞಾನ ಬೋಧನೆ. ಅದು ದೊಡ್ಡ ವಿಷಯ. ನಾನು ಒಂದೇ ಪಾಠ ಹಿಡಿದು ಮಾತಾಡುತ್ತೇನೆ. 10ನೇ ತರಗತಿಯಲ್ಲಿ ‘ಶಕ್ತಿಯ ಆಕರಗಳು’ ಎಂಬ ಪಾಠವನ್ನು ನಿಮ್ಮಲ್ಲಿ ಅನೇಕರು ಓದಿದ್ದೀರಿ. ಎನ್‌ಸಿಇಆರ್‌ಟಿಯವರು ಪಠ್ಯಭಾರ ಇಳಿಸುವಾಗ ತಮ್ಮ ಪುಸ್ತಕದಿಂದ ಅದನ್ನು ಪೂರ್ತಿ ಕೈಬಿಟ್ಟರು. ಪಾಠ ಪುಸ್ತಕದಲ್ಲಿರಲಿ, ಇಲ್ಲದಿರಲಿ, ನಮ್ಮಂಥ ಊರಿನ ಮಕ್ಕಳಿಗೆ ಅದನ್ನು ಬಿಡುವಂತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಈ ಪಾಠವನ್ನು ಸಾಮಾನ್ಯವಾಗಿ ಹೇಗೆ ಮಾಡುತ್ತೇವೆ? ಬೋರ್ಡಿನ ಮಧ್ಯೆ ಒಂದು ಗೆರೆ. ಎಡಕ್ಕೆ ನವೀಕರಿಸಬಹುದಾದ ಆಕರ, ಬಲಕ್ಕೆ ನವೀಕರಿಸಲಾಗದ ಆಕರ. ಸೂರ್ಯ, ಗಾಳಿ, ನೀರು ಈ ಕಡೆ. ಕಲ್ಲಿದ್ದಲು, ಪೆಟ್ರೋಲು ಆ ಕಡೆ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಮನೆಗೆ ಹೋದ ಹುಡುಗನನ್ನು ಅವರಪ್ಪ “ಏನೋ, ತ್ರೀ ಫೇಸ್ ರಾತ್ರಿ ಯಾಕೆ ಕೊಡೋದು, ಹಗಲು ಯಾಕೆ ಕೊಡಲ್ಲ?” ಅಂತ ಕೇಳಿದರೆ ಆ ಗೆರೆ ಉತ್ತರ ಕೊಡುವುದಿಲ್ಲ.

ನಾನು ಗೆರೆ ಎಳೆಯುವ ಮೊದಲು ಸೈಕಲ್ ತರಿಸುತ್ತಿದ್ದೆ. ಡೈನಮೋ ಇದ್ದ ಹಳೇ ಸೈಕಲ್. ಸ್ಟ್ಯಾಂಡ್ ಹಾಕಿ, ಡೈನಮೋವನ್ನು ಟೈರಿಗೆ ತಾಗಿಸಿ, ಪೆಡಲನ್ನು ಕೈಯಲ್ಲಿ ತಿರುಗಿಸಲು ಹೇಳುತ್ತಿದ್ದೆ. ಮೊದಲು ಬಲ್ಬಿನ ವೈರು ಬಿಚ್ಚಿ, ಆಮೇಲೆ ಸಿಕ್ಕಿಸಿ. ವೈರು ಸಿಕ್ಕಿಸಿದ ಕೂಡಲೇ ಕೈಗೆ ಗೊತ್ತಾಗುತ್ತದೆ. “ಸಾರ್, ಬಿಗಿ ಆಯ್ತು!” ಅಂತ ಮಕ್ಕಳೇ ಕೂಗುತ್ತಿದ್ದರು. ಫ್ಯಾರಡೆ 1831ರಲ್ಲಿ ಕಂಡದ್ದು ಸುರುಳಿ ಮತ್ತು ಅಯಸ್ಕಾಂತದ ನಂಟು. ಆ ನಂಟಿನಲ್ಲಿ ಕರೆಂಟು ಪುಕ್ಕಟೆ ಬರುವುದಿಲ್ಲ, ಯಾರೋ ತಳ್ಳಬೇಕು ಎಂಬುದು ಮಕ್ಕಳ ತೋಳಿಗೇ ತಿಳಿಯುತ್ತದೆ. ಶಿವನಸಮುದ್ರದಲ್ಲಿ ತಳ್ಳುವುದು ಬೀಳುವ ನೀರು, ರಾಯಚೂರಿನಲ್ಲಿ ಕಲ್ಲಿದ್ದಲಿನ ಉಗಿ, ಕೈಗಾದಲ್ಲೂ ಉಗಿಯೇ, ಆದರೆ ಒಲೆ ಯುರೇನಿಯಂನದು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿ. ಸೌರಫಲಕ ಒಂದೇ ಈ ಸಾಲಿಗೆ ಸೇರದ್ದು, ಅದರಲ್ಲಿ ತಿರುಗುವುದು ಏನೂ ಇಲ್ಲ.

ಇನ್ನು ಲೆಕ್ಕ. ನಾವೆಲ್ಲ ಯೂನಿಟ್ಟು ಯೂನಿಟ್ಟು ಅನ್ನುತ್ತೇವೆ, ಅದೆಷ್ಟು ಅಂತ ಅಂದಾಜಿಲ್ಲ. ಒಂದು ಯೂನಿಟ್ಟು ಅಂದರೆ 36 ಲಕ್ಷ ಜೂಲ್. ಮಗುವಿಗೆ ಅದರಿಂದ ಏನೂ ಆಗುವುದಿಲ್ಲ. ಹಾಗಾಗಿ ನಮ್ಮ ಊರಿನ ನೀರಿನ ಟ್ಯಾಂಕ್ ತೋರಿಸುತ್ತಿದ್ದೆ. 50,000 ಲೀಟರ್ ನೀರು ಹತ್ತು ಮೀಟರ್ ಎತ್ತರದಲ್ಲಿದೆ ಅನ್ನಿ. ಅದನ್ನಷ್ಟೂ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸಿದರೆ ಎಷ್ಟು ಕರೆಂಟು? ಮಕ್ಕಳು ನೂರು, ಐನೂರು ಅನ್ನುತ್ತಿದ್ದರು. ಲೆಕ್ಕ ಮಾಡಿಸಿದರೆ ಒಂದೂಕಾಲು ಯೂನಿಟ್ಟಿನ ಮೇಲೆ ಸ್ವಲ್ಪ, ಯಂತ್ರದ ನಷ್ಟ ಕಳೆದರೆ ಹತ್ತಿರ ಹತ್ತಿರ ಒಂದು ಯೂನಿಟ್ಟು. ಇಡೀ ಊರು ಕುಡಿಯುವ ನೀರು ಸುರಿದರೆ ಒಂದು ಐದು ಎಚ್‌ಪಿ ಮೋಟರು ಕಾಲು ಗಂಟೆ ಓಡುತ್ತದೆ! ತರಗತಿ ಒಂದು ನಿಮಿಷ ಸುಮ್ಮನಾಗುತ್ತಿತ್ತು. ಜೋಗದ ಎತ್ತರ 253 ಮೀಟರ್. ಅಷ್ಟು ಎತ್ತರದಿಂದ ಬಿದ್ದರೆ ಒಂದು ಯೂನಿಟ್ಟಿಗೆ ಲೆಕ್ಕದ ಪ್ರಕಾರ 1,450 ಲೀಟರ್ ಸಾಕು. ನಮ್ಮವರು ಶರಾವತಿಯನ್ನೇ ಯಾಕೆ ಹುಡುಕಿಕೊಂಡು ಹೋದರು ಅಂತ ಆಗ ಯಾರೂ ಹೇಳಿಕೊಡಬೇಕಿಲ್ಲ.

ಆ ಐದು ಎಚ್‌ಪಿ ಮೋಟರು ಏಳು ಗಂಟೆ ಓಡಿದರೆ ಸುಮಾರು 26 ಯೂನಿಟ್ಟು. ಗಟ್ಟಿ ಆಳೊಬ್ಬ ಸೈಕಲ್ ತುಳಿದು ಹೊತ್ತುಗಟ್ಟಲೆ ಕೊಡಬಲ್ಲದ್ದು 75 ವ್ಯಾಟ್ ಆಸುಪಾಸು. ದಿನಕ್ಕೆ ಎಂಟು ಗಂಟೆ ತುಳಿದರೂ ಆ ಒಂದು ದಿನದ ಕರೆಂಟಿಗೆ ಅವನಿಗೆ ನಲವತ್ತಮೂರು ದಿನ ಬೇಕು. ಅದೇ ಕರೆಂಟನ್ನು ಕಲ್ಲಿದ್ದಲಿನಲ್ಲಿ ಮಾಡಿದರೆ ಯೂನಿಟ್ಟಿಗೆ ಆರೇಳು ನೂರು ಗ್ರಾಂ ಸುಡಬೇಕು, ಕಲ್ಲಿದ್ದಲಿನ ಗಣಿಯೋ ನಮ್ಮ ರಾಜ್ಯದಲ್ಲಿ ಒಂದೂ ಇಲ್ಲ. ಎಲ್ಲಾ ರೈಲಿನಲ್ಲಿ ಹೊರಗಿನಿಂದ ಬರಬೇಕು.

ಲೆಕ್ಕ ಇಲ್ಲಿಗೆ ನಿಂತರೆ ಅದು ಅರ್ಧ ಪಾಠ. ಕರೆಂಟು ಯಾರ ಊರಿಂದ ಬಂತು, ಯಾರಿಗೆ ಹೋಯಿತು ಅನ್ನುವುದೂ ವಿಜ್ಞಾನದ ತರಗತಿಯಲ್ಲೇ ಬರಬೇಕು ಎಂಬುದು ನನ್ನ ಹಟ. ಸಮಾಜ ವಿಜ್ಞಾನದ ಮೇಷ್ಟ್ರು ನಕ್ಕರೆ ನಗಲಿ. ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ಕರೆಂಟು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳ ಸರದಿ ಎಷ್ಟು ತಡವಾಗಿ ಬಂತು ಎಂಬುದನ್ನು ಇಲ್ಲಿ ಕೂತಿರುವ ಅಜ್ಜಿಯರೇ ಹೇಳಬಲ್ಲರು. 1964ರ ಲಿಂಗನಮಕ್ಕಿ ಅಣೆಕಟ್ಟೆಗೆ ಮನೆ ಗದ್ದೆ ಮುಳುಗಿಸಿಕೊಂಡವರ ಭೂಮಿಯ ಹಕ್ಕಿನ ಜಗಳ ದಶಕಗಳ ಕಾಲ ಎಳೆದಿದೆ. ನಾಡಿಗೆಲ್ಲ ಬೆಳಕು ಕೊಟ್ಟ ಆ ಹಿನ್ನೀರಿನ ಕೆಲವು ಹಳ್ಳಿಗಳೇ ಬಹುಕಾಲ ಸೀಮೆಎಣ್ಣೆ ಬುಡ್ಡಿಯಲ್ಲಿದ್ದವು. ನೀರು ನವೀಕರಿಸಬಹುದಾದ ಆಕರ, ನಿಜ. ಮುಳುಗಿದ ಊರನ್ನು ನವೀಕರಿಸಲಾಗುವುದಿಲ್ಲ. ಇದು ಗೆರೆಯ ಯಾವ ಕಡೆ ಬರುತ್ತದೆ?

ಈಗ ನಮ್ಮ ಸರದಿ. ನಮ್ಮದು ಬಯಲುಸೀಮೆ, ಬಿಸಿಲಿಗೆ ಬರವಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಎದ್ದಿದೆ. ಅಲ್ಲಿ ಜಮೀನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ, ರೈತನ ಹೆಸರಿನಲ್ಲೇ ಪಹಣಿ ಉಳಿದಿದೆ. ಶರಾವತಿಗೆ ಹೋಲಿಸಿದರೆ ಎಷ್ಟೋ ಮೇಲು, ಮೆಚ್ಚಬೇಕಾದ್ದೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಈ ಲೆಕ್ಕವನ್ನು ಒಂಬತ್ತನೇ ತರಗತಿಯ ಹುಡುಗಿಗೆ ಕೊಡಿ. ಎರಡು ವರ್ಷಕ್ಕೆ 5 ಅಂದರೆ ವರ್ಷಕ್ಕೆ ಎರಡೂವರೆ. ಬೆಲೆ ಏರಿಕೆ ಶೇಕಡ 4ರ ಆಸುಪಾಸಿನಲ್ಲಿರಲಿ ಎಂಬುದು ರಿಸರ್ವ್ ಬ್ಯಾಂಕಿನ ಗುರಿ. ಅಂದಮೇಲೆ ಗುತ್ತಿಗೆ ಹಣ ಕಾಗದದಲ್ಲಿ ಏರುತ್ತಾ, ಸಂತೆಯಲ್ಲಿ ಇಳಿಯುತ್ತಾ ಹೋಗುತ್ತದೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಳ್ಳುವುದಕ್ಕಿಂತ ಅದೇ ಮೇಲೆಂದು ಆ ಮನೆಯವರು ತೀರ್ಮಾನಿಸಬಹುದು, ಅದು ಅವರ ಹಕ್ಕು. ಆದರೆ ಕಾಗದಕ್ಕೆ ಸಹಿ ಹಾಕುವ ಮೊದಲು ಮಗಳು “ಅಪ್ಪಾ, ತಡಿ, ಏರಿಕೆ ಎಷ್ಟು ಅಂತ ನೋಡೋಣ” ಅನ್ನಬೇಕು. ಜಮೀನೇ ಇಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ. ಅವರ ಮಕ್ಕಳೂ ಇದೇ ಬೆಂಚಿನಲ್ಲಿ ಕೂರುತ್ತಾರೆ, ಅದನ್ನು ಮರೆತು ಪಾಠ ಮಾಡಲಾಗದು.

ಮತ್ತೊಂದು ಮಾತು, ಇಲ್ಲಿ ಪತ್ರಿಕೆ ಓದುವವರೂ ಎಡವುತ್ತಾರೆ. ಪಾವಗಡದ 2,050 ದೊಡ್ಡದೋ, ರಾಯಚೂರಿನ ಶಾಖೋತ್ಪನ್ನ ಕೇಂದ್ರದ 1,720 ದೊಡ್ಡದೋ? ಮೆಗಾವ್ಯಾಟ್ ಅನ್ನುವುದು ಹಸುವಿನ ಜಾತಿ ಹೇಳಿದ ಹಾಗೆ, ಎಷ್ಟು ಹಾಲು ಕರೆಯಿತು ಅಂತಲ್ಲ. ಒಂದು ಕಿಲೋವ್ಯಾಟ್ ಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ಕೊಟ್ಟೀತು, ಇಪ್ಪತ್ತನಾಲ್ಕು ಅಲ್ಲ. ಸಂಜೆ ಆರೂವರೆಗೆ ಎಲ್ಲ ಮನೆಯಲ್ಲೂ ದೀಪ ಹತ್ತುವಾಗ ಅದು ಮಲಗಿರುತ್ತದೆ. ಪಂಪ್‌ಸೆಟ್ಟಿಗೆ ಹಗಲು ಕರೆಂಟು ಕೊಡುವ ಮಾತು ಬಂದದ್ದು ಸೌರಶಕ್ತಿ ಬೆಳೆದ ಮೇಲೆಯೇ. ರಾತ್ರಿ ಹಾವು ಹುಳುವಿನ ಮಧ್ಯೆ ಗದ್ದೆಗೆ ಹೋಗುವುದು ಅದರಿಂದ ತಪ್ಪಿದರೆ ದೊಡ್ಡ ಉಪಕಾರ.

ಹಗಲಿನ ಕರೆಂಟನ್ನು ರಾತ್ರಿಗೆ ಉಳಿಸಬೇಕಲ್ಲ? ಅದಕ್ಕೇ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಕರೆಂಟು ಹೆಚ್ಚಿದ್ದಾಗ ಕೆಳಗಿನ ನೀರನ್ನು ಮೇಲಕ್ಕೆತ್ತುವುದು, ಬೇಕಾದಾಗ ಇಳಿಸುವುದು. ನಾಲ್ಕು ಯೂನಿಟ್ಟು ಹಾಕಿದರೆ ವಾಪಸು ಸುಮಾರು ಮೂರು. ಅಲ್ಲಿ ಸಿಂಗಳೀಕಗಳ ಕಾಡಿದೆ, ಹಾಗಾಗಿ ವಿರೋಧವೂ ಜೋರಾಗಿದೆ. ಇದರಲ್ಲಿ ಮೇಷ್ಟ್ರ ಅಭಿಪ್ರಾಯ ಏನು ಅಂತ ಮಕ್ಕಳಿಗೆ ಹೇಳಬಾರದು. ನಕ್ಷೆ, ಅಂಕಿ ಮುಂದಿಟ್ಟು ಎರಡು ಗುಂಪು ಮಾಡಿ ವಾದಕ್ಕೆ ಬಿಡಬೇಕು. ಗದ್ದಲವಾಗುತ್ತದೆ, ಪಕ್ಕದ ತರಗತಿಯವರು ಬಂದು ಬಾಗಿಲು ಬಡಿಯುತ್ತಾರೆ. ಆಗಲಿ.

ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಬೇಕೆಂದು ಕೇಳುತ್ತಿದ್ದೀರಿ. ಕಮಾನು ಆಗಿದೆ, ಬಣ್ಣ ಆಗಿದೆ. ಚಾವಣಿಯ ಮೇಲೆ ಒಂದು ಕಿಲೋವ್ಯಾಟ್ ಫಲಕ ಹಾಕಿಸಿಕೊಡಿ, ಮೀಟರನ್ನು ಮಾತ್ರ ಆಫೀಸ್ ರೂಮಿನೊಳಗೆ ಇಡಬೇಡಿ. ವರಾಂಡದಲ್ಲಿ, ಎಂಟನೇ ತರಗತಿಯ ಮಗುವಿನ ಕಣ್ಣಿನ ಎತ್ತರಕ್ಕೆ ಇರಲಿ. ಪಕ್ಕದಲ್ಲಿ ಒಂದು ಕಪ್ಪು ಹಲಗೆ, ಸೀಮೆಸುಣ್ಣ. ದಿನವೂ ಸಂಜೆ ನಾಲ್ಕಕ್ಕೆ ಒಂದು ಮಗು ಬಂದು ಅಂಕಿ ಬರೆಯಲಿ, ಆಷಾಢದ ಮೋಡದ ದಿನವೂ ತಪ್ಪದೆ. ಒಂದು ವರ್ಷ ಆದಮೇಲೆ ಆ ಅಂಕಿಗಳನ್ನು ನನಗೂ ಒಂದು ಪ್ರತಿ ಕಳಿಸಿ.