ಕಪ್ಪು ಮುದ್ದೆ, ಬಿಳಿ ಅನ್ನ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, ಕಂಪ್ಯೂಟರ್ ಬಗ್ಗೆ ಮಾತಾಡಿ, ಮಕ್ಕಳಿಗೆ ಉಪಯೋಗ ಆಗುತ್ತೆ ಅಂದರು. ಬಿಇ ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನನ್ನು ಬೇರೆ ಏನು ಕೇಳುತ್ತಾರೆ? ಆದರೆ ಸಮೇತನಹಳ್ಳಿಗೆ ವೈಟ್‌ಫೀಲ್ಡ್ ದೂರವೇನಲ್ಲ. ಕಂಪ್ಯೂಟರ್ ವಿಷಯ ಹೇಳುವವರು ಇಲ್ಲಿ ಬೀದಿಗೊಬ್ಬರಿದ್ದಾರೆ. ನಾನು ಮೂರು ಕವಿತೆಗಳ ಬಗ್ಗೆ ಮಾತಾಡುತ್ತೇನೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಆಗಲಿ, ಹತ್ತು ನಿಮಿಷದಲ್ಲಿ ಮುಗಿಸಿ" ಅಂದರು.

ಮೊದಲನೆಯದು ಇದೇ ಶಾಲೆಯಲ್ಲಿ ಕೇಳಿದ್ದು. ಒಂಬತ್ತನೇ ಕ್ಲಾಸಿನಲ್ಲಿ ಕನ್ನಡ ಮೇಷ್ಟ್ರು ಪಾಠ ಬದಿಗಿಟ್ಟು, ಕನಕದಾಸರ ರಾಮಧಾನ್ಯ ಚರಿತೆಯ ಕಥೆ ಹೇಳಿದ್ದರು. ರಾವಣನನ್ನು ಗೆದ್ದು ರಾಮ ಅಯೋಧ್ಯೆಗೆ ವಾಪಸ್ ಹೊರಟಿದ್ದಾನೆ. ದಾರಿಯಲ್ಲಿ ಋಷಿಗಳ ಆಶ್ರಮದಲ್ಲಿ ತಂಗುತ್ತಾನೆ. ಧಾನ್ಯಗಳಲ್ಲಿ ಯಾವುದು ದೊಡ್ಡದು ಅನ್ನುವ ಮಾತು ಬರುತ್ತೆ. ಗೌತಮರು ರಾಗಿಯನ್ನು ಹೊಗಳುತ್ತಾರೆ. ಭತ್ತಕ್ಕೆ ತಡೆಯಲಾಗದ ಸಿಟ್ಟು. ಕಾವ್ಯದಲ್ಲಿ ಭತ್ತದ ಹೆಸರು ವ್ರಿಹಿಗ, ರಾಗಿಯ ಹೆಸರು ನರೆದಲೆಗ. ವ್ರೀಹಿ ಅನ್ನುವುದು ಸಂಸ್ಕೃತದಲ್ಲಿ ಭತ್ತಕ್ಕಿರುವ ಸರಿಯಾದ ಹೆಸರು. ನರೆದಲೆಗ ಅಂದರೆ ನರೆತ ತಲೆಯವನು. ಒಬ್ಬನಿಗೆ ಹೆಸರು, ಇನ್ನೊಬ್ಬನಿಗೆ ಅವನ ರೂಪ ನೋಡಿ ಇಟ್ಟ ಅಡ್ಡಹೆಸರು. ಕ್ಲಾಸಿನಲ್ಲಿ ನಾವೂ ಹಾಗೇ ಇಡುತ್ತಿದ್ದೆವಲ್ಲ, ಕರಿಯ, ಕುಳ್ಳ ಅಂತ.

ಭತ್ತ ತುಂಬಿದ ಸಭೆಯಲ್ಲಿ ರಾಗಿಯ ಹುಟ್ಟನ್ನು ಎತ್ತಿ ಆಡುತ್ತದೆ. ನೀನು ಕೀಳು ಜನರ ಊಟ, ನಾನು ದೇವರ ಪೂಜೆಗೆ, ಮದುವೆಯ ಅಕ್ಷತೆಗೆ, ಮೇಲು ಕುಲದವರ ಎಲೆಗೆ ಅನ್ನುತ್ತದೆ. ರಾಗಿ ಸುಮ್ಮನಿರುವುದಿಲ್ಲ. ನೀನು ಉಳ್ಳವರ ಪಕ್ಷ, ಬಡವರನ್ನು ಕಣ್ಣೆತ್ತಿ ನೋಡುವವನಲ್ಲ, ಬರ ಬಂದಾಗ ಜನರ ಜೀವ ಉಳಿಸಿದ್ದು ನಾನು ಅನ್ನುತ್ತದೆ. ಹೆಣದ ಬಾಯಿಗೆ ಹಾಕುವುದೂ ನಿನ್ನನ್ನೇ ಅಲ್ಲವೇ ಅಂತ ಕೇಳುತ್ತದೆ. ಆ ಮಾತಿಗೆ ನಮ್ಮ ಕ್ಲಾಸು ಬೆಂಚು ತಟ್ಟಿ ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ. ಹೊಸಕೋಟೆ ತಾಲ್ಲೂಕಿನ ಮಕ್ಕಳು ನಾವು, ರಾಗಿ ಗೆಲ್ಲಬೇಕು ಅಷ್ಟೆ.

ರಾಮ ತಕ್ಷಣ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಆಮೇಲೆ ಹೊರಗೆ ತೆಗೆದು ನೋಡಿದರೆ ಭತ್ತ ಸೊರಗಿದೆ, ರಾಗಿ ಇದ್ದ ಹಾಗೇ ಇದೆ. ರಾಘವ ಅನ್ನುವ ತನ್ನ ಹೆಸರನ್ನೇ ರಾಮ ಅದಕ್ಕೆ ಕೊಡುತ್ತಾನೆ, ರಾಗಿ ಅನ್ನುವ ಹೆಸರು ಅದರಿಂದ ಬಂತು ಅನ್ನುವುದು ಕಾವ್ಯದ ಮಾತು. ಕನಕದಾಸರು ಹೊಲದ ವಿಷಯ ಬಲ್ಲವರು. ನಮ್ಮ ತಾತಂದಿರು ಹಗೇವಿನಲ್ಲಿ ರಾಗಿ ತುಂಬಿಟ್ಟು ವರ್ಷಗಟ್ಟಲೆ ಆದಮೇಲೂ ತೆಗೆದು ಉಣ್ಣುತ್ತಿದ್ದರು, ಹುಳ ಬೀಳುತ್ತಿರಲಿಲ್ಲ.

ಇಂಜಿನಿಯರ್ ಆದಮೇಲೆ ಈ ಕಥೆ ನನಗೆ ಇನ್ನೂ ಇಷ್ಟವಾಯಿತು. ಇಬ್ಬರಿಗೂ ಒಂದೇ ಕೋಣೆ, ಒಂದೇ ಅವಧಿ, ಯಾರ ಶಿಫಾರಸೂ ಇಲ್ಲ. ನಾವು ಆಫೀಸಿನಲ್ಲಿ ಮಾಡುವ ಟೆಸ್ಟಿಂಗ್‌ಗಿಂತ ಇದು ನ್ಯಾಯವಾಗಿದೆ. ಆದರೆ ಕೆಲವು ವರ್ಷಗಳಿಂದ ಒಂದು ಪ್ರಶ್ನೆ ಕಾಡುತ್ತಿದೆ. ಆ ಆರು ತಿಂಗಳಲ್ಲಿ ರಾಗಿಗೂ ಹುಳ ಬಿದ್ದಿದ್ದರೆ? ಆಗ ಭತ್ತ ಬೈದದ್ದೆಲ್ಲ ಸರಿ ಆಗಿಬಿಡುತ್ತಿತ್ತೇ? ಬೈಸಿಕೊಂಡವನೇ ತಾನು ಗಟ್ಟಿ ಅಂತ ತೋರಿಸಬೇಕು, ದೊಡ್ಡವರೊಬ್ಬರು ಒಪ್ಪಿ ಹೆಸರು ಕೊಡಬೇಕು, ಆಗ ಮಾತ್ರ ಮರ್ಯಾದೆ. ಹದಿನಾರನೇ ಶತಮಾನದಲ್ಲಿ ಇಷ್ಟು ಹೇಳಿದ್ದೇ ದೊಡ್ಡ ಧೈರ್ಯ, ಅದರಲ್ಲಿ ಅನುಮಾನವಿಲ್ಲ. ಆದರೂ ಪ್ರಶ್ನೆ ಉಳಿಯುತ್ತದೆ.

ಎರಡನೇ ಕವಿತೆ ಸಿಕ್ಕಿದ್ದು 2019ರಲ್ಲಿ. ಕಂಪನಿ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದೆ. ಒಂದು ಅಂಗಡಿಯಲ್ಲಿ ಜಾಕೆಟ್ ನೋಡುತ್ತಿದ್ದಾಗ ಅಲ್ಲಿನ ಕಾವಲುಗಾರ ನಾನು ಹೋದಲ್ಲೆಲ್ಲ ಹಿಂದೆ ಹಿಂದೆ ಬಂದ. ಏನೂ ಅನ್ನಲಿಲ್ಲ, ಬಂದ ಅಷ್ಟೆ. ಬೆಳ್ಳಗಿರುವ ಗಿರಾಕಿಗಳ ಹಿಂದೆ ಯಾರೂ ಹೋಗುತ್ತಿರಲಿಲ್ಲ. ಜಾಕೆಟ್ ಅಲ್ಲೇ ಬಿಟ್ಟು ಹೊರಗೆ ಬಂದೆ. ಅದೇ ವಾರ ವಾಷಿಂಗ್ಟನ್‌ನಲ್ಲಿ, 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸದ ಮ್ಯೂಸಿಯಂ ನೋಡಲು ಹೋದೆ. ಅಲ್ಲಿ ಗೋಡೆಯ ಮೇಲೆ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಕವಿತೆಯೊಂದರ ಕೊನೆಯ ಸಾಲು ಇದೆ. ಕವಿತೆಯ ಹೆಸರು 'ಐ, ಟೂ', 1926ರಲ್ಲಿ ಬಂದ ಅವರ ಮೊದಲ ಸಂಕಲನದಲ್ಲಿದೆ. ಅಲ್ಲೇ ನಿಂತು ಮೊಬೈಲಿನಲ್ಲಿ ಪೂರ್ತಿ ಓದಿದೆ. ನಮ್ಮ ಮಗ್ಗಿ ಪುಸ್ತಕದ ಅರ್ಧ ಪುಟದಷ್ಟೂ ಇಲ್ಲ.

ಅದರಲ್ಲೂ ಊಟವೇ. ಮನೆಗೆ ನೆಂಟರು ಬಂದಾಗ ಕಪ್ಪು ಬಣ್ಣದ ತಮ್ಮನನ್ನು ಅಡುಗೆಮನೆಯಲ್ಲಿ ಉಣ್ಣಲು ಕಳಿಸುತ್ತಾರೆ. ಅವನು ಅಳುವುದಿಲ್ಲ, ನಗುತ್ತಾನೆ. ಚೆನ್ನಾಗಿ ಉಂಡು ಬಲಿಯುತ್ತಾನೆ. ನಾಳೆ ಟೇಬಲ್ಲಿನ ಮುಂದೆ ಕೂರುತ್ತೇನೆ, ಆಗ ಅಡುಗೆಮನೆಯಲ್ಲಿ ಉಣ್ಣು ಅನ್ನುವ ಧೈರ್ಯ ಯಾರಿಗೂ ಇರುವುದಿಲ್ಲ ಅನ್ನುತ್ತಾನೆ. ತಮ್ಮ ಅನ್ನುವ ಮಾತನ್ನು ಗಮನಿಸಿ. ಅವನು ಆಳಲ್ಲ, ಅದೇ ಮನೆಯ ಮಗ. ಇಲ್ಲಿ ರಾಮ ಇಲ್ಲ, ಸೆರೆ ಇಲ್ಲ, ಪರೀಕ್ಷೆಯೂ ಇಲ್ಲ. ಕೂರಲು ಅವನು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿ ಸಿಕ್ಕಿತು. ಅಂಗಡಿಯಲ್ಲಿ ಆದ ಅವಮಾನ ಇನ್ನೂ ಹಸಿಯಾಗಿತ್ತು, ಆ ತಮ್ಮ ನಾನೇ ಅನ್ನಿಸಿ ಗಂಟಲು ಕಟ್ಟಿತು.

ನಾನೇ ಅನ್ನಿಸಿದ್ದು ಎಷ್ಟು ಸುಲಭ ಅನ್ನುವುದು ಮೂರನೇ ಕವಿತೆ ಓದುವಾಗ ಗೊತ್ತಾಯಿತು.

1973ರಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ದೊಡ್ಡ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಆಗ ಅವರ ಪರವಾಗಿ ನಿಂತ ವಿದ್ಯಾರ್ಥಿಗಳಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ದಲಿಂಗಯ್ಯ ಒಬ್ಬರು. 1975ರಲ್ಲಿ ಅವರ 'ಹೊಲೆಮಾದಿಗರ ಹಾಡು' ಬಂತು. ಅದರಲ್ಲಿನ 'ನನ್ನ ಜನಗಳು' ಒಂದು ಪಟ್ಟಿಯ ಹಾಗಿದೆ. ಹಸಿದು ಪ್ರಾಣ ಬಿಟ್ಟವರು, ಕಲ್ಲು ಹೊತ್ತವರು, ಉತ್ತವರು, ಕುಯ್ದವರು, ಒದೆ ತಿಂದವರು. ವಾದ ಇಲ್ಲ, ನಾವೂ ದೊಡ್ಡವರು ಅನ್ನುವ ಹಕ್ಕೊತ್ತಾಯ ಇಲ್ಲ, ಗಟ್ಟಿತನದ ಪ್ರಮಾಣಪತ್ರವಂತೂ ಬೇಕೇ ಇಲ್ಲ. ಇವರು ನನ್ನ ಜನ, ಅಷ್ಟೆ. ಹುಳ ಬಿದ್ದರೂ ನನ್ನ ಜನವೇ.

ಕನಕದಾಸರ ಕಾವ್ಯದಲ್ಲಿ ರಾಗಿ ಮಾತಾಡುತ್ತೆ, ಭತ್ತ ಮಾತಾಡುತ್ತೆ, ದೇವತೆಗಳೂ ಬರುತ್ತಾರೆ. ರಾಗಿ ಕುಯ್ದವರು ಯಾರು ಅಂತ ಆ ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಸಿದ್ದಲಿಂಗಯ್ಯನವರ ಪಟ್ಟಿಯಲ್ಲಿ ಅವರಿದ್ದಾರೆ.

ನಮ್ಮ ಹೊಲದ ರಾಗಿ ಕುಯ್ಯಲು ಬರುತ್ತಿದ್ದವರಲ್ಲಿ ನನ್ನ ಸಹಪಾಠಿಯೊಬ್ಬನ ತಾಯಿ ಇದ್ದರು. ಮಧ್ಯಾಹ್ನ ಅವರಿಗೆ ಹಿತ್ತಿಲಲ್ಲಿ ಊಟ, ಮುದ್ದೆಯನ್ನು ನಮ್ಮಜ್ಜಿ ಕೈ ತಾಗದ ಹಾಗೆ ಮೇಲಿಂದ ಹಾಕುತ್ತಿದ್ದರು. ಭತ್ತದ ಎದುರು ಗೆದ್ದ ರಾಗಿ ನಮ್ಮ ಮನೆಯ ಒಳಗಿನದು, ಅದನ್ನು ಕುಯ್ದವರು ಹೊರಗಿನವರು. ಒಂದು ದಿನ ಆ ಗೆಳೆಯ ಗಣಿತದ ನೋಟ್ಸ್ ತೆಗೆದುಕೊಳ್ಳಲು ಮನೆಗೆ ಬಂದ. ನೀರು ಕೇಳಿದ. ಅಜ್ಜಿ ಹಿತ್ತಿಲ ಗೋಡೆಯ ಮೇಲೆ ಬೇರೆಯೇ ಇಟ್ಟಿದ್ದ ಲೋಟದಲ್ಲಿ ಕೊಟ್ಟರು. ಕುಡಿದು, ತೊಳೆದು, ಅಲ್ಲೇ ಬೋರಲು ಹಾಕಿದ. ನಾನು ಅವತ್ತಿಗೆ ರಾಮಧಾನ್ಯದ ಕಥೆ ಕೇಳಿ ಬೆಂಚು ತಟ್ಟಿದ್ದವನೇ. ನೋಟ್ಸ್ ಹುಡುಕುವ ನೆಪದಲ್ಲಿ ಒಳಗೆ ಹೋದೆ. ಅಜ್ಜಿಯ ಮೇಲೆ ಹೊರಿಸಿ ತಪ್ಪಿಸಿಕೊಳ್ಳಬಹುದು, ಆದರೆ ಒಳಗೆ ಹೋದದ್ದು ನಾನು.

ಈ ಭಾಷಣ ಬರೆಯುವಾಗ ಅವನಿಗೆ ಫೋನ್ ಮಾಡಿದೆ. ಇದನ್ನು ಹೇಳಬಹುದಾ ಅಂತ ಕೇಳಿದೆ. "ಹೇಳು, ನನ್ನ ಹೆಸರು ಬೇಡ" ಅಂದ. ನೆನಪಿದೆಯಾ ನಿನಗೆ, ಆ ಸ್ಟೀಲ್ ಲೋಟ ಅಂದೆ.

"ಸ್ಟೀಲ್ ಎಲ್ಲೈತ್ಲಾ, ಸಿಲ್ವರ್ ಲೋಟ ಅದು. ಬಾಯಿ ಹತ್ರ ಸೊಟ್ಟಗಾಗಿತ್ತು, ಕುಡಿಯೋವಾಗ ನೀರು ಅಂಗಿ ಮೇಲೆ ಚೆಲ್ಲೋದು" ಅಂದ.

ಅವನು ಇವತ್ತು ಬಂದಿದ್ದಾನೆ. ನನ್ನ ಹತ್ತು ನಿಮಿಷ ಆಯಿತು ಅಂತ ಸಮಿತಿಯವರು ಸನ್ನೆ ಮಾಡುತ್ತಿದ್ದಾರೆ.