ಕ್ಷ-ಕಿರಣದ ದಿಕ್ಕು ಹಿಡಿದ ಯಂತ್ರ ನಮ್ಮ ಊರಿನದು!

(ಕನ್ನಡ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)

ಗೆಳೆಯರೇ,

ವಿಜ್ಞಾನ ಕನ್ನಡದಲ್ಲಿ ಆಗುವುದಿಲ್ಲ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಇವತ್ತು ವಾದ ಬೇಡ. ಕಪ್ಪು ಕುಳಿಯ ವಿಷಯವನ್ನೇ ಕನ್ನಡದಲ್ಲಿ ಮಾತಾಡಿ ನೋಡೋಣ.

ಹಗ್ಗವನ್ನು ಕಂಬಕ್ಕೆ ಕಟ್ಟಿ ಕುಲುಕಿ. ಮೇಲೆ-ಕೆಳಗೆ ಕುಲುಕಿದರೆ ಅಲೆ ಮೇಲೆ-ಕೆಳಗೆ ಏಳುತ್ತದೆ. ಎಡ-ಬಲಕ್ಕೆ ಕುಲುಕಿದರೆ ಎಡ-ಬಲಕ್ಕೆ. ಬೆಳಕೂ ಅಲೆಯೇ, ಕ್ಷ-ಕಿರಣವೂ ಬೆಳಕೇ. ಅದರ ಕಂಪನ ಸಾಮಾನ್ಯವಾಗಿ ಎಲ್ಲ ದಿಕ್ಕಿಗೂ ಬೆರೆತಿರುತ್ತದೆ. ಒಂದು ದಿಕ್ಕಿಗೆ ಹೆಚ್ಚು ವಾಲಿದರೆ ಅದೇ ಧ್ರುವೀಕರಣ. ಇಷ್ಟೇ!

ಇದರಿಂದ ಏನು ತಿಳಿಯುತ್ತದೆ? ಸಿಗ್ನಸ್ ಎಕ್ಸ್-1 ಎಂಬ ಕಪ್ಪು ಕುಳಿ ಸುಮಾರು 7,000 ಜ್ಯೋತಿರ್ವರ್ಷ ದೂರದಲ್ಲಿದೆ. ಪಕ್ಕದ ನಕ್ಷತ್ರದಿಂದ ಅನಿಲ ಸೆಳೆದುಕೊಳ್ಳುತ್ತದೆ. ಆ ಅನಿಲ ತಟ್ಟೆಯಂತೆ ಸುತ್ತುತ್ತದೆ, ನಡುವಿನಿಂದ ಧಾರೆಗಳು ಚಿಮ್ಮುತ್ತವೆ. ಕುಳಿಯ ಹತ್ತಿರ ಅತಿಯಾಗಿ ಕಾದು ಕ್ಷ-ಕಿರಣ ಸೂಸುವ ಅನಿಲದ ಆಕಾರ ಯಾವ ದೂರದರ್ಶಕಕ್ಕೂ ಕಾಣದು. 2021ರ ಡಿಸೆಂಬರಿನಲ್ಲಿ ಅಮೆರಿಕ, ಇಟಲಿ ಸೇರಿ ಹಾರಿಸಿದ ಐಎಕ್ಸ್‌ಪಿಇ ಉಪಗ್ರಹ 2022ರಲ್ಲಿ ಅಲ್ಲಿಂದ ಬಂದ ಕಿರಣದಲ್ಲಿ ಶೇಕಡ 4ರಷ್ಟು ಧ್ರುವೀಕರಣ ಕಂಡಿತು. ದಿಕ್ಕು ಚಿಮ್ಮುವ ಧಾರೆಗೆ ಸಮಾಂತರ. ಅಂದರೆ ಆ ಕಾದ ಅನಿಲ ಕಂಬದಂತೆ ನಿಂತಿಲ್ಲ, ತಟ್ಟೆಯ ಜೊತೆಗೇ ಹರಡಿಕೊಂಡಿದೆ. ಕಣ್ಣಿಗೆ ಕಾಣದ್ದನ್ನು ಕಂಪನದ ದಿಕ್ಕು ಹೇಳಿತು!

ಈಗ ನಮ್ಮ ಊರಿಗೆ ಬನ್ನಿ. ಮೇಖ್ರಿ ವೃತ್ತದ ಬಳಿ ಬಸ್ಸಿನಲ್ಲಿ ಎಷ್ಟು ಸಲ ಹೋಗಿಲ್ಲ ನಾವು? ಅಲ್ಲೇ ಇದೆ, ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ. ಪೋಲಿಕ್ಸ್ ಎಂಬ ಉಪಕರಣ ತಯಾರಾದದ್ದು ಅಲ್ಲಿ. 2024ರ ಜನವರಿ 1ರಂದು ಇಸ್ರೋದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಶ್ರೀಹರಿಕೋಟಾದಿಂದ ಅದು ಆಕಾಶಕ್ಕೇರಿತು. ನಡುವೆ ಬೆರಿಲಿಯಂ ಬಿಲ್ಲೆ, ನಾಲ್ಕು ಕಡೆ ನಾಲ್ಕು ಎಣಿಕೆ ಯಂತ್ರ. ಬಿಲ್ಲೆಗೆ ಬಡಿದ ಕ್ಷ-ಕಿರಣ ಯಾವ ಕಡೆಗೆ ಹೆಚ್ಚು ಚದುರಿತು ಎಂಬುದೇ ಲೆಕ್ಕ. ಐಎಕ್ಸ್‌ಪಿಇ ನೋಡುವುದು 2ರಿಂದ 8 ಕಿಲೋ ಎಲೆಕ್ಟ್ರಾನ್ ವೋಲ್ಟ್. ಪೋಲಿಕ್ಸ್ ರೂಪಿಸಿದ್ದು ಅದಕ್ಕೂ ಮೇಲಿನ 8ರಿಂದ 30ಕ್ಕೆ. ಮೊದಲ ತಿಂಗಳೇ ಅದು ಏಡಿ ನೀಹಾರಿಕೆಯತ್ತ ತಿರುಗಿತು. ಅದರೊಳಗಿನ ನ್ಯೂಟ್ರಾನ್ ನಕ್ಷತ್ರದ ಅಗಲ ಯಲಹಂಕದಿಂದ ಬನಶಂಕರಿಯಷ್ಟು. ತೂಕ ಸೂರ್ಯನಿಗಿಂತ ಹೆಚ್ಚು!

ಗೆಳೆಯರೇ, ಇಷ್ಟೂ ಅರ್ಥವಾಯಿತಲ್ಲ? ಹಾಗಾದರೆ ಕೊರತೆ ಇರುವುದು ಭಾಷೆಯಲ್ಲಲ್ಲ, ಹೇಳುವ ಮನಸ್ಸಿನಲ್ಲಿ. ನಾಮಫಲಕ ಕನ್ನಡದಲ್ಲಿರಲಿ ಎಂದು ಬೀದಿಗಿಳಿದೆವು. ಸರಿಯೇ. ಆದರೆ ಫಲಕದ ಹಿಂದಿನ ಕಟ್ಟಡದಲ್ಲಿ ನಡೆಯುವ ವಿದ್ಯೆಯೂ ಕನ್ನಡದಲ್ಲಿ ಹೊರಬರಬೇಕು. ಜನರ ತೆರಿಗೆಯಲ್ಲಿ ನಡೆಯುವ ಪ್ರತಿಯೊಂದು ವಿಜ್ಞಾನ ಸಂಸ್ಥೆಯೂ ತನ್ನ ಕೆಲಸವನ್ನು ಈ ನೆಲದ ಭಾಷೆಯಲ್ಲಿ ಹೇಳಲಿ. ಕೇಳುವ ಹಕ್ಕು ನಮ್ಮದು. ಕೇಳಿ ಕಲಿಯುವ ಹೊಣೆಯೂ ನಮ್ಮದೇ. ನಾಳೆ ಅಂಥ ಯಂತ್ರ ಕಟ್ಟುವ ಕೈಗಳಲ್ಲಿ ನಿಮ್ಮ ಕೈಯೂ ಇರಲಿ.

ಜೈ ಕರ್ನಾಟಕ!