ಆಟದ ಬಯಲಿನಲ್ಲಿ ಮೂದಲಿಕೆ



1996ರ ಮಾರ್ಚ್ 9ರಂದು ನಾನು ಪಿ.ಯು.ಸಿ. ಹುಡುಗ. ಪರೀಕ್ಷೆ ಹತ್ತಿರ ಬಂದಿದ್ದರೂ ಭೌತಶಾಸ್ತ್ರದ ಪುಸ್ತಕವನ್ನು ಮಗುಚಿಟ್ಟು ಟೆಲಿವಿಷನ್ ಮುಂದೆ ಕುಳಿತಿದ್ದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತಕ್ಕೂ ಪಾಕಿಸ್ತಾನಕ್ಕೂ ಹೊನಲು ಬೆಳಕಿನ ಪಂದ್ಯ. ನಿಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ಆದರೂ ಆ ರಾತ್ರಿಯ ಒಂದು ದೃಶ್ಯವನ್ನು ನೀವು ಒಂದಲ್ಲ ಒಂದು ಕಡೆ ನೋಡಿಯೇ ಇರುತ್ತೀರಿ.

ಭಾರತ 287 ರನ್ ಗಳಿಸಿತ್ತು. ವಸೀಂ ಅಕ್ರಂ ಗಾಯಗೊಂಡು ಹೊರಗುಳಿದಿದ್ದರಿಂದ ಪಾಕಿಸ್ತಾನದ ನಾಯಕತ್ವ ಅಮೀರ್ ಸೊಹೈಲ್ ಹೆಗಲಿಗೆ ಬಂದಿತ್ತು. ಸೊಹೈಲ್ ಮತ್ತು ಸಯೀದ್ ಅನ್ವರ್ ಬಿರುಸಾಗಿ ಆರಂಭಿಸಿದರು. ಒಂದು ವಿಕೆಟ್ಟಿಗೆ 113 ಆಗುವ ಹೊತ್ತಿಗೆ ಕ್ರೀಡಾಂಗಣವೇ ಮೌನವಾಗಿತ್ತು. 15ನೇ ಓವರ್. ನಮ್ಮ ಬೆಂಗಳೂರಿನ ವೆಂಕಟೇಶ್ ಪ್ರಸಾದ್ ಹಾಕಿದ ಚೆಂಡನ್ನು ಸೊಹೈಲ್ ಆಫ್ ಸೈಡಿನ ಬೌಂಡರಿಗೆ ಅಟ್ಟಿದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ, ಬ್ಯಾಟನ್ನು ಬೌಂಡರಿಯತ್ತ ಚಾಚಿ, ಮುಂದಿನದೂ ಅಲ್ಲಿಗೇ ಎಂಬಂತೆ ಸನ್ನೆ ಮಾಡಿದರು. ಪ್ರಸಾದ್ ತಿರುಗಿ ನಡೆದರು. ಮುಂದಿನ ಚೆಂಡಿಗೆ ಸೊಹೈಲ್ ಮತ್ತೆ ಬೀಸಿದರು. ಆಫ್ ಸ್ಟಂಪ್ ಉರುಳಿತು. ಈಗ ಕೈ ಚಾಚುವ ಸರದಿ ಪ್ರಸಾದ್ ಅವರದು: ಪೆವಿಲಿಯನ್ ದಾರಿ ಅತ್ತ ಇದೆ, ಹೋಗು! ಬಾಯಿಂದ ನಾಲ್ಕು ಮಾತೂ ಬಂದವು. ಅವು ಮೈಕಿಗೆ ಸಿಗದಿದ್ದದ್ದೇ ಒಳ್ಳೆಯದಾಯಿತು. ಆಮೇಲೆ ಇಜಾಜ್ ಅಹ್ಮದ್ ಮತ್ತು ಇಂಜಮಾಮ್ ಕೂಡ ಪ್ರಸಾದ್ ಅವರಿಗೇ ಬಲಿಯಾದರು. ಭಾರತ 39 ರನ್ನುಗಳಿಂದ ಗೆದ್ದಿತು.

ವಿಜ್ಞಾನ ಓದಿದವನಾದ್ದರಿಂದ ನನಗೆ ಅದರಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ವೇಗದ ಬೌಲರ್ ಕೈಯಿಂದ ಬಿಟ್ಟ ಚೆಂಡು ಬ್ಯಾಟ್ಸ್‌ಮನ್ನನ್ನು ತಲುಪಲು ಅರ್ಧ ಸೆಕೆಂಡಿನ ಆಸುಪಾಸು ಸಾಕು. ನೋಡುವುದು, ತೀರ್ಮಾನಿಸುವುದು, ಬೀಸುವುದು ಎಲ್ಲ ಅಷ್ಟರೊಳಗೇ ಆಗಬೇಕು. ಸಿಟ್ಟು ನೆತ್ತಿಗೇರಿದಾಗ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆಬಡಿತ ಏರುತ್ತದೆ. ಅದು ಇಳಿಯಲು ಕೆಲವು ನಿಮಿಷಗಳೇ ಬೇಕು. ಮುಂದಿನ ಚೆಂಡಾದರೋ ಅರ್ಧ ನಿಮಿಷದಲ್ಲಿ ಬಂದುಬಿಡುತ್ತದೆ. ಎದುರಾಳಿಯ ಗಮನ ಕೆಡಿಸಲು ಮಾಡಿದ ಸನ್ನೆ ತನ್ನ ಗಮನವನ್ನೇ ಕೆಡಿಸಿತು ಎಂದು ಸೊಹೈಲ್ ಬಗ್ಗೆ ಹೇಳಿದರೆ ಅನ್ಯಾಯವಾಗಲಾರದು.

ಇದಕ್ಕೆ ಇಂಗ್ಲಿಷಿನವರು ಸ್ಲೆಡ್ಜಿಂಗ್ ಎನ್ನುತ್ತಾರೆ. ಆಸ್ಟ್ರೇಲಿಯದಿಂದ ಬಂದ ಚಟ ಎಂದು ನಮ್ಮ ಹಿರಿಯರು ಮೂಗು ಮುರಿಯುವುದೂ ಉಂಟು. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಕನ್ನಡದಲ್ಲಿ ಇದಕ್ಕೆ ಸಾವಿರ ವರ್ಷ ಹಳೆಯ ಪದವೇ ಇದೆ: ಮೂದಲಿಕೆ. ಹತ್ತನೆಯ ಶತಮಾನದ ರನ್ನನ 'ಗದಾಯುದ್ಧ'ವನ್ನು ನಿಮ್ಮಲ್ಲಿ ಹಲವರು ಪಾಠವಾಗಿಯೇ ಓದಿರುತ್ತೀರಿ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಭೀಮ ಹೊರಗೆಳೆದದ್ದು ಯಾವ ಆಯುಧದಿಂದ? ಬರಿಯ ಮೂದಲಿಕೆಯಿಂದ. ಯಕ್ಷಗಾನದಲ್ಲಿ ಎದುರಾಳಿಗಳು ಬಾಣ ಬಿಡುವ ಮೊದಲು ಮಾತು ಬಿಡುತ್ತಾರೆ. ತಾಳಮದ್ದಳೆಯಲ್ಲಂತೂ ಮಾತೇ ಯುದ್ಧ. ಗರಡಿಯ ಪೈಲ್ವಾನ ತೊಡೆ ತಟ್ಟಿ ನಿಲ್ಲುತ್ತಾನೆ. ಅದೇ ತೊಡೆ ತಟ್ಟುವಿಕೆ ಇಂದು ಕಬಡ್ಡಿ ಅಂಕಣದಲ್ಲಿ ಕಾಣುತ್ತದೆ, ಟೆಲಿವಿಷನ್ನಿನವರಾದ ನಾವೂ ಅದನ್ನು ಹತ್ತಿರದಿಂದ ತೋರಿಸಿ ಸಂತೋಷಪಡುತ್ತೇವೆ. ನನಗೂ ಅದು ಇಷ್ಟವೇ. ಮುಖ ಗಂಟಿಕ್ಕಿಕೊಂಡು ಆಡುವ ಆಟ ಯಾರಿಗೆ ಬೇಕು?

ಆದರೆ ಅದೇ ಮಹಾಭಾರತದಲ್ಲಿ ತೊಡೆಯ ಇನ್ನೊಂದು ಪ್ರಸಂಗವಿದೆಯಲ್ಲ, ಅದನ್ನು ನೆನೆಯಿರಿ. ತುಂಬಿದ ಸಭೆಯಲ್ಲಿ ದುರ್ಯೋಧನ ದ್ರೌಪದಿಗೆ ತೊಡೆ ತೋರಿಸಿದ. ಪೈಲ್ವಾನ ತಟ್ಟುವುದೂ ತೊಡೆಯನ್ನೇ. ಆದರೆ ಅಲ್ಲಿ ಎದುರಿಗಿರುವವನು ಸರಿಸಮಾನ ಎದುರಾಳಿ, ಅವನೂ ತೊಡೆ ತಟ್ಟಬಲ್ಲ, ಕುಸ್ತಿ ಮುಗಿದರೆ ಮಾತೂ ಮುಗಿಯಿತು. ಸಭೆಯಲ್ಲಿದ್ದ ದ್ರೌಪದಿ ಯಾವ ಆಟಕ್ಕೂ ಇಳಿದವಳಲ್ಲ. ಗೆದ್ದ ಮೇಲಿನ ಸಂಭ್ರಮದ ಮಾತೂ ಹೀಗೆಯೇ. ಬಿದ್ದ ದುರ್ಯೋಧನನ ತಲೆಯನ್ನು ಭೀಮ ಕಾಲಿನಿಂದ ಒದೆದಾಗ ಅವನನ್ನು ತಡೆದವನು ಶತ್ರುವಲ್ಲ, ಸ್ವಂತ ಅಣ್ಣ ಧರ್ಮರಾಯ.

ಇಂದಿನ ಅಂತರರಾಷ್ಟ್ರೀಯ ಕ್ರಿಕೆಟ್ ನಿಯಮಾವಳಿಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ವಿಕೆಟ್ ಪಡೆದು ಕುಣಿದರೆ ತಪ್ಪಿಲ್ಲ. ಔಟಾದವನ ಮುಖಕ್ಕೆ ಹೋಗಿ ಅವನನ್ನು ಕೆರಳಿಸುವಂಥ ಮಾತಾಡಿದರೆ, ಸನ್ನೆ ಮಾಡಿದರೆ ತಪ್ಪು. ಪಂದ್ಯ ಶುಲ್ಕದ ಅರ್ಧದವರೆಗೂ ದಂಡ ಬೀಳಬಹುದು, ಜೊತೆಗೆ ಡಿಮೆರಿಟ್ ಅಂಕ. ಕಬಡ್ಡಿಯಲ್ಲಿ ಹಸಿರು, ಹಳದಿ, ಕೆಂಪು ಕಾರ್ಡುಗಳಿವೆ. ಸನ್ನೆ ಸಾಲದಂತೆ ಉಳಿದುಕೊಳ್ಳುವುದೂ ಉಂಟು. 2023ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಲಖನೌ ತಂಡ ಕೊನೆಯ ಚೆಂಡಿನಲ್ಲಿ ಗೆದ್ದಾಗ ಗೌತಮ್ ಗಂಭೀರ್ ತುಟಿಯ ಮೇಲೆ ಬೆರಳಿಟ್ಟು ನಮ್ಮ ಪ್ರೇಕ್ಷಕರನ್ನು ಸುಮ್ಮನಿರಿಸಿದರು. ಮೇ 1ರಂದು ಲಖನೌದಲ್ಲಿ ವಿರಾಟ್ ಕೊಹ್ಲಿ ಅದನ್ನು ಬಡ್ಡಿಸಮೇತ ಹಿಂದಿರುಗಿಸಿದರು. ಪಂದ್ಯ ಮುಗಿದ ಮೇಲೆ ಜಗಳವಾಗಿ ಇಬ್ಬರೂ ಪೂರ್ತಿ ಶುಲ್ಕ ಕಳೆದುಕೊಂಡರು. ಇದಕ್ಕೆ ಹೋಲಿಸಿದರೆ 2025ರ ಏಪ್ರಿಲ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ ದೆಹಲಿ ತಂಡದ ಪರವಾಗಿ ಅಜೇಯ 93 ಹೊಡೆದು, 'ಕಾಂತಾರ' ಚಿತ್ರದಲ್ಲಿ ಕಂಡಂತೆ ನೆಲದ ಮೇಲೆ ವೃತ್ತ ಬರೆದು ಬ್ಯಾಟ್ ಊರಿದ್ದು ಎಷ್ಟೋ ಸೊಗಸು. ಬೆಂಗಳೂರಿಗರಿಗೆ ಉರಿಯಿತು, ನಿಜ. ಆದರೆ ಇದು ನನ್ನ ನೆಲ ಎಂದು ಅವರು ಹೇಳಿದ್ದು ತಮ್ಮ ಬಗ್ಗೆಯೇ ಹೊರತು ಇನ್ನೊಬ್ಬರ ಬಗ್ಗೆ ಅಲ್ಲ.

ಮಾತಿನ ತೂಕ ಆಡಿದವನ ತಕ್ಕಡಿಯಲ್ಲಿ ಒಂದು, ಕೇಳಿದವನ ತಕ್ಕಡಿಯಲ್ಲಿ ಇನ್ನೊಂದು. 2008ರ ಜನವರಿಯ ಸಿಡ್ನಿ ಟೆಸ್ಟಿನಲ್ಲಿ ನಮ್ಮ ಅನಿಲ್ ಕುಂಬ್ಳೆ ನಾಯಕರು. ಆಂಡ್ರೂ ಸೈಮಂಡ್ಸ್ ಅವರನ್ನು ಹರ್ಭಜನ್ ಸಿಂಗ್ ಕೋತಿ ಎಂದು ಕರೆದರೆಂಬ ಆರೋಪ ಬಂತು. ಮೂರು ಟೆಸ್ಟ್‌ಗಳ ನಿಷೇಧ ಹೇರಲಾಯಿತು. ಮೇಲ್ಮನವಿಯಲ್ಲಿ ಜನಾಂಗ ನಿಂದನೆ ಸಾಬೀತಾಗದೆ, ಕೆಟ್ಟ ಭಾಷೆ ಬಳಸಿದ್ದಕ್ಕೆ ಅರ್ಧ ಶುಲ್ಕ ದಂಡವಾಗಿ ಉಳಿಯಿತು. ಅದೇ ಪಂದ್ಯದಲ್ಲಿ ಕುಂಬ್ಳೆ ಮತ್ತು ಧೋನಿ ಅವರನ್ನು ಬ್ರಾಡ್ ಹಾಗ್ ಹುಟ್ಟನ್ನು ಹೀಗಳೆಯುವ ಒಂದು ಬೈಗುಳದಿಂದ ಕರೆದರೆಂಬ ದೂರೂ ಇತ್ತು. ಆಸ್ಟ್ರೇಲಿಯದಲ್ಲಿ ಗೆಳೆಯರು ಪರಸ್ಪರ ಸಲೀಸಾಗಿ ಬಳಸುವ ಪದ ಅದು. ನಮ್ಮ ಕಿವಿಗೆ ತಾಯಿಯನ್ನು ಅಂದಂತೆ. ಮುಂದಿನ ಪರ್ತ್ ಟೆಸ್ಟಿಗೆ ಮುನ್ನ ಕುಂಬ್ಳೆ ಆ ದೂರನ್ನು ಹಿಂತೆಗೆದುಕೊಂಡರು. ಪರ್ತ್‌ನಲ್ಲಿ ಭಾರತ 72 ರನ್ನುಗಳಿಂದ ಗೆದ್ದಿತು.

ದೊಡ್ಡ ಕ್ರೀಡಾಂಗಣದಲ್ಲಿ ಮ್ಯಾಚ್ ರೆಫರಿ ಇರುತ್ತಾರೆ, ಮೇಲ್ಮನವಿ ಇರುತ್ತದೆ. ಪೀಣ್ಯದಲ್ಲಿ, ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತ ಇನ್ನೂ ಕಟ್ಟಡವೇಳದ ಸೈಟುಗಳಲ್ಲಿ ಭಾನುವಾರ ನಡೆಯುವ ಟೆನಿಸ್ ಬಾಲ್ ಪಂದ್ಯಗಳಲ್ಲಿ ಅವು ಯಾವುದೂ ಇಲ್ಲ. ಕಲಬುರಗಿ, ರಾಯಚೂರು, ಒಡಿಶಾ, ಬಿಹಾರ, ತಮಿಳುನಾಡು, ಎಲ್ಲಿಂದಲೋ ದುಡಿಯಲು ಬಂದವರು ಅಲ್ಲಿ ಒಂದೇ ತಂಡದಲ್ಲಿ ಆಡುತ್ತಾರೆ. ಅಂಥದೊಂದು ಪಂದ್ಯವನ್ನು ಚಿತ್ರೀಕರಿಸಲು ಕೆಲವು ವರ್ಷಗಳ ಹಿಂದೆ ಪೀಣ್ಯಕ್ಕೆ ಹೋಗಿದ್ದೆ. ಲೇತ್ ನಡೆಸುವ, ಉತ್ತರ ಕರ್ನಾಟಕದ ಕಡೆಯ ಒಬ್ಬ ಹುಡುಗ ಬ್ಯಾಟಿಂಗ್ ಮಾಡುತ್ತಿದ್ದ. ನಿನ್ನ ಬ್ಯಾಟಿಗೆ ತೂತು ಬಿದ್ದಿದೆಯೇನೋ ಎಂದು ಬೌಲರ್ ಕೆಣಕಿದ. ಚೆಂಡು ಹುಡುಕಿಕೊಂಡು ಬಾ ಹೋಗು ಎಂದು ಇವನು ಚರಂಡಿಯತ್ತ ಬೀಸಿದ. ನಾವೆಲ್ಲ ನಕ್ಕೆವು, ಅವರಿಬ್ಬರೂ ನಕ್ಕರು. ಕೊನೆಗೆ ಹುಡುಗ ಬೌಲ್ಡ್ ಆದ. ಬೌಲರ್ ಓಡಿ ಬಂದು ತುಮಕೂರು ರಸ್ತೆಯತ್ತ ಕೈ ಚಾಚಿದ. ಆ ಕಡೆಯ ಬಸ್ಸುಗಳೆಲ್ಲ ಹೋಗುವುದು ಅದೇ ರಸ್ತೆಯಲ್ಲಿ. "ಅನ್ನಕ್ಕೆ ಬಂದವನು ನೀನು, ಊರಿಗೆ ಹೋಗು" ಎಂದ. ಈ ಸಲ ಹುಡುಗ ತಿರುಗಿ ಏನೂ ಹೇಳಲಿಲ್ಲ. ಬ್ಯಾಟನ್ನು ಮೆಲ್ಲಗೆ ನೆಲದ ಮೇಲಿಟ್ಟು ಹೊರನಡೆದ.

ಸಂಕಲನದ ಕೋಣೆಯಲ್ಲಿ ಆ ತುಣುಕನ್ನು ಧ್ವನಿ ತೆಗೆದು ನೋಡಿದೆ. ಕ್ಲೀನ್ ಬೌಲ್ಡ್, ಚಾಚಿದ ಕೈ, ತಲೆ ತಗ್ಗಿಸಿ ನಡೆಯುವ ಬ್ಯಾಟ್ಸ್‌ಮನ್: ಥೇಟ್ 1996ರ ದೃಶ್ಯ. ಧ್ವನಿ ಸೇರಿಸಿದೆ, ನೋಡಲಾಗಲಿಲ್ಲ. ಕಾರ್ಯಕ್ರಮದಲ್ಲಿ ಅದನ್ನು ಬಳಸಲಿಲ್ಲ.

ಉಳಿದ ಚಿತ್ರೀಕರಣಕ್ಕೆ ಮುಂದಿನ ಭಾನುವಾರ ಹೋದಾಗ ಹುಡುಗ ಬಂದಿರಲಿಲ್ಲ. ಅವನ ತಂಡ ಹತ್ತೇ ಜನರಲ್ಲಿ ಆಡುತ್ತಿತ್ತು. ಆ ಬೌಲರ್ ತನ್ನ ಓವರ್ ಮುಗಿಸಿ ಎದುರು ತಂಡದವರ ಬಳಿ ಹೋಗಿ, "ಅವನು ಬರಲಿಲ್ವಾ?" ಎಂದು ಎರಡು ಸಲ ಕೇಳಿದ. ಯಾರೂ ಉತ್ತರ ಕೊಡಲಿಲ್ಲ.